ದೋಣಿ ರಿಪೇರಿಯವರ ಆ ಸಣ್ಣ ಬಾಟಲಿ

ಜೂನ್ 1ರಿಂದ ಜುಲೈ 31ರವರೆಗೆ ಮೀನು ಹಿಡಿಯುವ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಆ ಎರಡು ತಿಂಗಳು ನಮ್ಮ ಉತ್ತರ ಕನ್ನಡ ಕರಾವಳಿಯ ಬೈತಖೋಲ್, ಮುದಗಾ, ತದಡಿ ಕಡೆ ರಿಪೇರಿ ಕೆಲಸವೇ ಜಾಸ್ತಿ. ತಾಡಪತ್ರಿ ಕಟ್ಟಿ, ಅದರಡಿ ಗಾಜಿನ ನಾರಿನ ಫೈಬರ್ ಮ್ಯಾಟ್ ಹಾಸಿ, ಗಟ್ಟಿಯಾಗುವ ಅಂಟು ದ್ರವವಾದ ರೆಸಿನ್ ಬಳಿಯುತ್ತಾರೆ. ದೂರದಿಂದಲೇ ಮೂಗಿಗೆ ಹೊಡೆಯುವ ವಾಸನೆ ಇದೆಯಲ್ಲ, ಅದು ರೆಸಿನ್‌ನಲ್ಲಿರುವ ಸ್ಟೈರೀನ್ ಅನ್ನುವ ರಾಸಾಯನಿಕದ್ದು. ಅದಕ್ಕೆ ಎಲ್ಲರೂ ಹೆದರುತ್ತಾರೆ, ಮಕ್ಕಳನ್ನು ಆಚೆ ಕಳಿಸುತ್ತಾರೆ. ಆದರೆ ಪಕ್ಕದ ಹಲಗೆ ಮೇಲಿರುವ, ನೀರಿನ ಹಾಗೆ ಕಾಣುವ ದ್ರವದ ಬಾಟಲಿಯನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ನನಗೆ ಜಾಸ್ತಿ ಭಯ ಅದರದ್ದೇ.

ಕೆಲಸದವರು ಅದನ್ನು ಕ್ಯಾಟಲಿಸ್ಟ್ ಅಂತಾರೆ, ಕೆಲವರು ಹಾರ್ಡನರ್ ಅಂತಾರೆ. ಪೂರ್ತಿ ಹೆಸರು ಮಿಥೈಲ್ ಇಥೈಲ್ ಕೀಟೋನ್ ಪೆರಾಕ್ಸೈಡ್, ಚಿಕ್ಕದಾಗಿ ಎಂಇಕೆಪಿ. ದೋಣಿಗಷ್ಟೇ ಅಲ್ಲ, ಫೈಬರ್ ಬಾಗಿಲು, ನೀರಿನ ಟ್ಯಾಂಕು, ಛಾವಣಿ ಶೀಟು, ಕೃತಕ ಮಾರ್ಬಲ್, ಪಾಲಿಯೆಸ್ಟರ್ ರೆಸಿನ್‌ನಿಂದ ಆಗುವ ಹೆಚ್ಚಿನದಕ್ಕೆಲ್ಲ ಇದೇ ಬೇಕು. ಇದರ ಅಣುವಿನಲ್ಲಿ ಎರಡು ಆಕ್ಸಿಜನ್ ಪರಮಾಣುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಆ ಬೆಸುಗೆ ಬಲು ದುರ್ಬಲ. ಅದು ಒಡೆದಾಗ ಹುಟ್ಟುವ ಚೂರುಗಳೇ ರೆಸಿನ್ ಗಟ್ಟಿಯಾಗುವ ಕ್ರಿಯೆ ಶುರು ಮಾಡುತ್ತವೆ. ಅಪಾಯವೂ ಅಲ್ಲೇ ಇದೆ. ಶುದ್ಧ ರೂಪದಲ್ಲಿ ಇದು ಪೆಟ್ಟು ಬಿದ್ದರೂ ಸಿಡಿಯಬಲ್ಲದು, ಅದಕ್ಕೇ ಅಂಗಡಿಯಲ್ಲಿ ಸಿಗುವುದು ಥಾಲೇಟ್‌ನಂಥ ಎಣ್ಣೆಯಲ್ಲಿ ತೆಳು ಮಾಡಿದ್ದು.

ತೆಳು ಮಾಡಿದ್ದು ಅಂದ ಮಾತ್ರಕ್ಕೆ ಸಾಧು ಅಲ್ಲ. ಒಂದು ಹನಿ ಕಣ್ಣಿಗೆ ಸಿಡಿದರೂ ಕಣ್ಣಿನ ಮುಂದಿನ ಪಾರದರ್ಶಕ ಪದರ (ಕಾರ್ನಿಯಾ) ಸುಟ್ಟು, ದೃಷ್ಟಿಯೇ ಹೋಗಬಹುದು. ಹಾಗೇನಾದರೂ ಆದರೆ ಆ ಕ್ಷಣವೇ ಕಣ್ಣು ಅಗಲಿಸಿ ಹಿಡಿದು ಕನಿಷ್ಠ 15 ನಿಮಿಷ ನೀರು ಬಿಡಬೇಕು, ಆಸ್ಪತ್ರೆಗೆ ಓಡುವುದು ಆಮೇಲೆ. ರಕ್ಷಣೆಯ ಕನ್ನಡಕ ಹಾಕದೆ ಬಾಟಲಿ ಮುಚ್ಚಳ ತೆಗೆಯುವುದನ್ನು ನೋಡಿದರೆ ನನಗಂತೂ ಮೈ ಜುಂ ಅನ್ನುತ್ತದೆ. ಇನ್ನು ಇದನ್ನು ಕುಡಿಯುವ ನೀರಿನ ಬಾಟಲಿಗೆ ಸುರಿದಿಟ್ಟುಕೊಳ್ಳುವವರಿದ್ದಾರೆ! ನೀರು ಅಂತ ಕುಡಿದು ಗಂಟಲು, ಅನ್ನನಾಳ ಸುಟ್ಟುಕೊಂಡ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿವೆ.

ಜೊತೆಗೆ ಕೋಬಾಲ್ಟ್ ಅಂತ ನೇರಳೆ ಬಣ್ಣದ ಇನ್ನೊಂದು ದ್ರವ ಇರುತ್ತದೆ, ಕ್ರಿಯೆಯನ್ನು ಚುರುಕು ಮಾಡಲು. ಇವೆರಡನ್ನು ನೇರವಾಗಿ ಸೇರಿಸಲೇಬಾರದು, ಭಗ್ಗನೆ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟ್ ಅನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಬೇಕು, ಆಮೇಲೆ ಕ್ಯಾಟಲಿಸ್ಟ್. ಅಳೆಯುವ ಲೋಟವೂ ಬೇರೆ ಬೇರೆ ಇರಬೇಕು. ಕೋಬಾಲ್ಟ್ ಮೊದಲೇ ಸೇರಿಸಿದ ರೆಸಿನ್ ಸಿಗುತ್ತದೆ, ಸುಮ್ನೆ ಅದನ್ನೇ ತಂದರೆ ಈ ತಲೆನೋವೇ ಇಲ್ಲ ಅಲ್ವಾ?

ನಮ್ಮ ಕಡೆ ಮಳೆಗಾಲದ ತೊಂದರೆ ಬೇರೆ. ತಂಪಿಗೆ, ತೇವಕ್ಕೆ ರೆಸಿನ್ ಬೇಗ ಗಟ್ಟಿಯಾಗುವುದಿಲ್ಲ, ಕೆಲಸ ಮುಗಿಸುವ ಅವಸರ, ಹಾಗಾಗಿ ಇನ್ನೊಂದು ಮುಚ್ಚಳ ಕ್ಯಾಟಲಿಸ್ಟ್ ಸುರಿಯುತ್ತಾರೆ. ಸಾಮಾನ್ಯ ಅಳತೆ ಕಿಲೋ ರೆಸಿನ್‌ಗೆ 10ರಿಂದ 20 ಗ್ರಾಂ ಮಾತ್ರ. ಜಾಸ್ತಿ ಹಾಕಿದರೆ ಪದರ ಬಲವಾಗುವುದಿಲ್ಲ, ಬಿರುಕು ಬಿಡುತ್ತದೆ. ಬಕೆಟ್‌ನಲ್ಲಿ ಉಳಿದ ರೆಸಿನ್ ಒಳಗೊಳಗೇ ಕಾದು ಹೊಗೆ ಬಿಡಲು ಶುರು ಮಾಡುತ್ತದೆ. ಅಂಥ ಬಕೆಟ್ಟನ್ನು ಬೋಟಿನೊಳಗೆ ಇಟ್ಟುಕೊಳ್ಳಬೇಡಿ. ಸ್ಟೈರೀನ್ ಆವಿ ಗಾಳಿಗಿಂತ ಭಾರ, ಬೋಟಿನ ಹೊಟ್ಟೆಯಲ್ಲೇ ನಿಲ್ಲುತ್ತದೆ. ಸುಮಾರು 31 ಡಿಗ್ರಿಯಲ್ಲೇ ಅದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಬೀಡಿ ಸೇದುತ್ತಾ ಕೆಲಸ ಮಾಡುವವರಿಗೆ ಇದನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ಮುಖಕ್ಕೆ ಕಟ್ಟಿದ ಟವೆಲ್ ಆವಿಯನ್ನು ತಡೆಯುವುದಿಲ್ಲ, ಇದ್ದಿಲಿನ ಕಾರ್ಟ್ರಿಡ್ಜ್ ಇರುವ ಮಾಸ್ಕೇ ಬೇಕು.

ಕ್ಯಾಟಲಿಸ್ಟನ್ನು ಬಿಸಿಲು ಬೀಳದ ಕಡೆ, 30 ಡಿಗ್ರಿ ಒಳಗೆ, ಅದು ಬಂದ ಪ್ಲಾಸ್ಟಿಕ್ ಕ್ಯಾನಿನಲ್ಲೇ ಇಡಬೇಕು. ಏಪ್ರಿಲ್, ಮೇನಲ್ಲಿ ಕಾರವಾರದ ತಗಡಿನ ಶೆಡ್ ಇದಕ್ಕೆ ಆಗುವುದೇ ಇಲ್ಲ. ತಗಡಿನ ಡಬ್ಬಿ, ತುಕ್ಕು, ಇವೆಲ್ಲ ಅದನ್ನು ಕೆಣಕುತ್ತವೆ. ಚೆಲ್ಲಿದ್ದನ್ನು ಮರದ ಹೊಟ್ಟಿನಿಂದ ಒರೆಸಿ ಮೂಲೆಗೆ ಗುಡ್ಡೆ ಹಾಕಿದರೆ ಅದು ತಾನಾಗೇ ಹೊತ್ತಿಕೊಳ್ಳಬಹುದು. ಮರಳು ಅಥವಾ ವರ್ಮಿಕ್ಯುಲೈಟ್ (ದ್ರವ ಹೀರುವ ಹಗುರ ಖನಿಜ) ಬಳಸಿ, ಒದ್ದೆ ಮಾಡಿ, ಹೊರಗೆ ತೆಗೆದಿಡಿ. ಖಾಲಿ ಕ್ಯಾನಿಗೆ ತೂತು ಹೊಡೆದುಬಿಡಿ, ಇಲ್ಲದಿದ್ದರೆ ಯಾರಾದರೂ ತೊಳೆದು ನೀರಿಗೆ ಇಟ್ಟುಕೊಳ್ಳುತ್ತಾರೆ.