ಅತ್ತೆಗೆ ಯಾರು ಹೇಳಿದ್ರು?

ಮಗ ಐದನೇ ಕ್ಲಾಸು. ಮೊನ್ನೆ ಊಟಕ್ಕೆ ಕೂತಾಗ, "ಅಪ್ಪಾ, ಪೀರಿಯಡ್ ಶುರುವಾಗೋ ಮುಂಚೆ ಅತ್ತೆಗೆ ಯಾರು ಹೇಳಿದ್ರು? ಟೀಚರಾ, ಅಜ್ಜಿನಾ?" ಅಂದ. ಹೆಂಡತಿ ನನ್ನ ಮುಖ ನೋಡಿ ನಕ್ಕಳು. ಉತ್ತರ ನಾನೇ ಕೊಡಬೇಕಿತ್ತು.

ನಾವಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಆ ವಾರ ಶಾಲೆಯಲ್ಲಿ 'ಹ್ಯೂಮನ್ ಗ್ರೋತ್ ಅಂಡ್ ಡೆವಲಪ್‌ಮೆಂಟ್' ಪಾಠ. ಮುಟ್ಟು, ದನಿ ಒಡೆಯುವುದು, ಯಾರಾದರೂ ಕೆಟ್ಟದಾಗಿ ಮೈ ಮುಟ್ಟಿದರೆ ಯಾರಿಗೆ ಹೇಳಬೇಕು, ಎಲ್ಲ.

ಅಕ್ಕನಿಗೆ ಯಾರೂ ಹೇಳಿರಲಿಲ್ಲ. "ಅವಳಿಗೆ ಕಾಗೆ ಮುಟ್ಟಿದೆ, ಹತ್ರ ಹೋಗ್ಬೇಡ" ಅಂತ ಅಮ್ಮ ನನಗೆ ಹೇಳಿದ್ದರು. ನಾನು ಹಿತ್ತಲಿಗೆ ಹೋಗಿ ಕಾಗೆ ಹುಡುಕಿದ್ದೆ! ಆಮೇಲೆ ಹಸೆ, ಆರತಿ, ಚಿಗಲಿ, ನೆಂಟರಿಗೆಲ್ಲ ಊಟ. ಊರಿಗೆಲ್ಲ ಗೊತ್ತಾಯಿತು. ಏನಾಗುತ್ತಿದೆ ಅಂತ ಗೊತ್ತಿಲ್ಲದೆ ಅಳುತ್ತಾ ಕೂತವಳು ಅವಳೊಬ್ಬಳೇ.

ಇಲ್ಲಿ ಈ ಪಾಠ ಕಡ್ಡಾಯ ಅಂದುಕೊಂಡಿದ್ದೆ. ಅಲ್ಲವಂತೆ. ಈ ರಾಜ್ಯದಲ್ಲಿ ಕಲಿಸುವುದು ಬಿಡುವುದು ಆಯಾ ಸ್ಕೂಲ್ ಡಿಸ್ಟ್ರಿಕ್ಟಿಗೆ, ಅಂದರೆ ಆ ಪ್ರದೇಶದ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಕ್ಕೆ, ಬಿಟ್ಟಿದ್ದು. ಏನು ಕಲಿಸಬೇಕು ಅನ್ನುವುದರಲ್ಲೂ ಜಗಳ ಇದೆ. 2010ರಲ್ಲಿ ಬಂದ ಕಾನೂನನ್ನು ಸರ್ಕಾರ ಬದಲಾದ ಮೇಲೆ 2012ರಲ್ಲಿ ತಿದ್ದಿದರು. ಆದರೆ ಕಲಿಸುವ ಶಾಲೆ ಪ್ರತಿ ವರ್ಷ ಪಾಠದ ವಿವರವನ್ನು ಮನೆಗೆ ಕಳಿಸಲೇಬೇಕು. ಬೇಡ ಅಂತ ಬರೆದುಕೊಟ್ಟರೆ ಮಗುವನ್ನು ಆ ಪಾಠಕ್ಕೆ ಕೂರಿಸುವುದಿಲ್ಲ. ಪಾಠ ನೋಡುವ ಸಮಿತಿಯಲ್ಲಿ ಪೋಷಕರು, ವೈದ್ಯರು, ಮಕ್ಕಳು, ಚರ್ಚಿನ ಪಾದ್ರಿಗಳೂ ಇರುತ್ತಾರೆ. ಪಾದ್ರಿಯನ್ನೂ ಕೂರಿಸಿಕೊಂಡು ಮುಟ್ಟಿನ ಪಾಠ ಚರ್ಚಿಸುತ್ತಾರೆ ಅನ್ನೋದು ನನಗೆ ಮಜಾ ಅನಿಸಿತು.

ನಮ್ಮಲ್ಲಿ ಉಲ್ಟಾ. ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ಪಾಠ ಇದೆ, ಪರೀಕ್ಷೆಗೂ ಬರುತ್ತದೆ. ನಮ್ಮ ಮೇಷ್ಟ್ರು ಮಾತ್ರ "ಮನೇಲಿ ಓದ್ಕೊಳ್ಳಿ" ಅಂದು ಪುಟ ತಿರುಗಿಸಿದರು. ಅಷ್ಟೊತ್ತಿಗೆ ಮುಟ್ಟಾಗಿ ಎಷ್ಟು ವರ್ಷ ಆಗಿರುತ್ತದೆ, ಅಲ್ವಾ? ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಬೇಡ ಅಂದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ಅಕ್ಕ ಈಗ ಸರ್ಕಾರಿ ಶಾಲೆಯಲ್ಲಿ ಟೀಚರ್. ಫೋನಿನಲ್ಲಿ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. "ಶುಚಿ ಯೋಜನೆ ಪ್ಯಾಡ್ ಹಂಚೋವಾಗ ನಾನು ಹುಡುಗೀರಿಗೆ ಹೇಳ್ತೀನಪ್ಪ. ಹುಡುಗರಿಗೆ ಹೇಳೋಕೆ ಹೋದ್ರೆ ಬೆಳಗಾಗೋದ್ರೊಳಗೆ ಅಪ್ಪಂದಿರು ಗೇಟಿನ ಹತ್ರ ನಿಂತಿರ್ತಾರೆ. ನೀನು ಅಲ್ಲಿ ಕೂತು ಸುಲಭವಾಗಿ ಹೇಳ್ತೀಯ" ಅಂದಳು.

ಸರಿಯೇ. ಆದರೂ ಕೇಳಿದೆ: ಆ ಅಪ್ಪಂದಿರನ್ನು ಮೊದಲೇ ಎಸ್‌ಡಿಎಂಸಿ (ಪೋಷಕರಿರುವ ಶಾಲಾ ಸಮಿತಿ) ಸಭೆಗೆ ಕರೆದು ಪಾಠ ತೋರಿಸಿದರೆ? "ಸಭೇಲಿ ಬಿಸಿಯೂಟ, ಕಾಂಪೌಂಡು ಮುಗಿಯೋದ್ರೊಳಗೆ ಎಲ್ರೂ ಎದ್ದು ಹೋಗಿರ್ತಾರೆ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, ಪಾಠದ ವಿವರ ಬರೆದು ಶಾಲೆಯವರು ಮನೆಗೆ ಕಳಿಸಿದ ಆ ಪತ್ರದ ಫೋಟೋ ವಾಟ್ಸಾಪ್ ಮಾಡು ಅಂದಳು.