ಕೊಬ್ಬು ಒಡೆಯುವ ಎಂಜೈಮ್ ಎಮಲ್ಸಿಫೈಯರ್ ಕಟ್ಟೋದು ಹೇಗೆ?

ಲೈಪೇಸ್ ಬಳಸಿ ಎಮಲ್ಸಿಫೈಯರ್ ತಯಾರಿಸೋದು ನನ್ನ ಕೆಲಸ ಅಂತ ಗೊತ್ತಾದ ಕೂಡಲೇ, ಬಯಾಲಜಿ ಸ್ವಲ್ಪ ಓದಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಲೈಪೇಸ್ ಅಂದ್ರೆ ಕೊಬ್ಬು ಜೀರ್ಣ ಮಾಡೋ ಎಂಜೈಮ್ ಅಲ್ವಾ? ಒಡೆಯೋದೇ ಅದರ ಕೆಲಸ. ಅದನ್ನಿಟ್ಟುಕೊಂಡು ಎಮಲ್ಸಿಫೈಯರ್ ಹೇಗೆ ಕಟ್ತೀರಾ?"

ಸರಿಯಾದ ಪ್ರಶ್ನೆ. ಉತ್ತರ ಇಷ್ಟೇ: ನೀರು ತೆಗೆದುಬಿಡುತ್ತೇವೆ.

ಎಮಲ್ಸಿಫೈಯರ್ ಅಂದರೆ ಎಣ್ಣೆ ಮತ್ತು ನೀರು ಬೇರೆಯಾಗದ ಹಾಗೆ ಹಿಡಿದಿಡುವ ವಸ್ತು. ಅದರ ಒಂದು ತುದಿ ಫ್ಯಾಟಿ ಆಸಿಡ್‌ನ ಉದ್ದ ಬಾಲ, ಎಣ್ಣೆಗೆ ಅಂಟಿಕೊಳ್ಳುತ್ತದೆ. ಇನ್ನೊಂದು ತುದಿ ಗ್ಲಿಸರಾಲ್ ಅಥವಾ ಸಕ್ಕರೆ, ಅದಕ್ಕೆ ನೀರು ಇಷ್ಟ. ಇವೆರಡನ್ನೂ ಸೇರಿಸುವ ಬೆಸುಗೆಯೇ ಎಸ್ಟರ್. ಬೆಸುಗೆ ಬಿದ್ದಾಗಲೆಲ್ಲ ಒಂದು ನೀರಿನ ಅಣು ಹೊರಬೀಳುತ್ತದೆ. ಅದೇ ನೀರು ವಾಪಸ್ ಬಂದರೆ ಬೆಸುಗೆ ಬಿಡುತ್ತದೆ.

ಲೈಪೇಸ್ ಒಳಗೆ ಸೆರಿನ್ ಅನ್ನೋ ಒಂದು ಅಮೈನೋ ಆಸಿಡ್ ಇದೆ. ಫ್ಯಾಟಿ ಆಸಿಡ್ ಬಂದು ಮೊದಲು ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಅದನ್ನು ಬಿಡಿಸಿಕೊಂಡು ಹೋಗೋಕೆ ಯಾರು ಬರುತ್ತಾರೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ನೀರು ಬಂದರೆ ಬರೀ ಫ್ಯಾಟಿ ಆಸಿಡ್ ಹೊರಬರುತ್ತದೆ. ಗ್ಲಿಸರಾಲ್ ಬಂದರೆ ಎಸ್ಟರ್ ಹೊರಬರುತ್ತದೆ. ಹೊಟ್ಟೆಯಲ್ಲಿ ಸುತ್ತಲೂ ನೀರೇ ಇರೋದರಿಂದ ಅಲ್ಲಿ ಒಡೆಯುವುದು ಮಾತ್ರ ನಡೆಯುತ್ತದೆ, ನಾವು ಅದಕ್ಕೆ ಒಡೆಯುವ ಎಂಜೈಮ್ ಅಂತ ಹೆಸರಿಟ್ಟುಬಿಟ್ಟಿದ್ದೇವೆ.

ನೀರಿಲ್ಲದ ಕಡೆ ಎಂಜೈಮ್ ಬದುಕುತ್ತಾ ಅನ್ನೋ ಅನುಮಾನ ಹಿಂದೆ ತುಂಬ ಜನಕ್ಕಿತ್ತು. 1984ರಲ್ಲಿ ಜಾಕ್ಸ್ ಮತ್ತು ಕ್ಲಿಬನೋವ್ ಅನ್ನೋ ವಿಜ್ಞಾನಿಗಳು ಹಂದಿಯ ಮೇದೋಜ್ಜೀರಕ ಗ್ರಂಥಿಯ ಲೈಪೇಸನ್ನು ಒಣ ಸಾವಯವ ದ್ರವದಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು ತೋರಿಸಿದರು. ಗಂಟೆಗಟ್ಟಲೆ ಕೆಲಸ ಮಾಡಿತು. ಅಷ್ಟೇ ಬಿಸಿಯ ನೀರಿನಲ್ಲಿ ಅದು ನೋಡನೋಡುತ್ತಲೇ ಕೆಟ್ಟುಹೋಗುತ್ತದೆ. ಹಾಗಂತ ಪೂರ್ತಿ ಒಣಗಿಸಿದರೂ ಕೆಲಸ ಕೆಡುತ್ತದೆ, ಎಂಜೈಮ್ ಅಲ್ಲಾಡೋಕೆ ಮೈಮೇಲೆ ತೆಳ್ಳಗೆ ಒಂಚೂರು ನೀರು ಇರಲೇಬೇಕು.

ಈಗ ಫ್ಲಾಸ್ಕ್ ಹತ್ತಿರ ಬನ್ನಿ. 200 ಗ್ರಾಂ ಲಾರಿಕ್ ಆಸಿಡ್ (ಇದೂ ಒಂದು ಫ್ಯಾಟಿ ಆಸಿಡ್) ಪೂರ್ತಿ ಎಸ್ಟರ್ ಆದರೆ ಸುಮಾರು 18 ಗ್ರಾಂ ನೀರು ಹುಟ್ಟುತ್ತದೆ. ಕಡಿಮೆ ಅನಿಸುತ್ತೆ, ಆದರೆ ಅದು ಅಲ್ಲೇ ಉಳಿದರೆ ರಿಯಾಕ್ಷನ್ ಅರ್ಧದಾರಿಯಲ್ಲೇ ನಿಲ್ಲುತ್ತದೆ. ಅದಕ್ಕೇ 60-70 ಡಿಗ್ರಿ ಬಿಸಿಯಲ್ಲಿ ವ್ಯಾಕ್ಯೂಮ್ ಕೊಟ್ಟು ನೀರನ್ನು ಎಳೆಯುತ್ತೇವೆ. ಶುರುವಿನಲ್ಲಿ ಗುಳ್ಳೆಗಳು ಜೋರಾಗಿ ಏಳುತ್ತವೆ, ಆಮೇಲೆ ಇಳಿಯುತ್ತವೆ. ಆಗಾಗ ಸ್ಯಾಂಪಲ್ ತೆಗೆದು, ಫಿನಾಲ್ಫ್ಥಲೀನ್ ಹಾಕಿ, ಬಣ್ಣ ಬದಲಾಗುವವರೆಗೆ ಕ್ಷಾರದ ಹನಿ ಬಿಡುತ್ತಾ (ಇದೇ ಟೈಟ್ರೇಟ್ ಮಾಡೋದು), ಆಸಿಡ್ ಎಷ್ಟು ಉಳಿದಿದೆ ನೋಡುತ್ತೇವೆ. ಆ ಅಂಕಿ ಇಳಿಯದೆ ಕೂತುಬಿಟ್ಟರೆ ಎಲ್ಲರೂ ಎಂಜೈಮನ್ನೇ ಬೈಯುತ್ತಾರೆ. ನಾನಂತೂ ಮೊದಲು ಗಾಳಿ ಎಲ್ಲಿ ಸೋರುತ್ತಿದೆ ಅಂತ ಜಾಯಿಂಟ್‌ಗಳನ್ನು ನೋಡಿ ಅನ್ನುತ್ತೇನೆ, ವ್ಯಾಕ್ಯೂಮ್ ಕಮ್ಮಿಯಾದರೆ ನೀರು ಒಳಗೇ ಉಳಿಯುತ್ತದೆ.

ಎಂಜೈಮ್ ಬರೋದು ಪುಟ್ಟ ಪುಟ್ಟ ಮಣಿಗಳ ರೂಪದಲ್ಲಿ. ಪ್ಲಾಸ್ಟಿಕ್‌ನಂಥ ರೆಸಿನ್ ಮಣಿಗಳಿಗೆ ಅದನ್ನು ಅಂಟಿಸಿರುತ್ತಾರೆ, ಸೋಸಿ ಮತ್ತೆ ಬಳಸೋಕೆ. ಕ್ಯಾಂಡಿಡಾ ಅಂಟಾರ್ಕ್ಟಿಕಾ ಅನ್ನೋ ಯೀಸ್ಟ್‌ನ ಲೈಪೇಸ್ ಬಿ ಎಲ್ಲರಿಗೂ ಪರಿಚಯ. ಮ್ಯಾಗ್ನೆಟಿಕ್ ಸ್ಟಿರರ್ ಹಾಕಿ ಸುಮ್ನೆ ಬಿಟ್ಟರೆ ಮಣಿಗಳು ಅರೆದು ಪುಡಿಯಾಗುತ್ತವೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಮೇಲಿನಿಂದ ನಿಧಾನವಾಗಿ ತಿರುಗುವ ಬ್ಲೇಡ್ ಇಡಿ, ಇಲ್ಲ ಮಣಿಗಳನ್ನು ಕಾಲಮ್‌ನಲ್ಲಿ ತುಂಬಿ. ಗ್ಲಿಸರಾಲ್ ಇನ್ನೊಂದು ತಲೆನೋವು. ಕರಗಿದ ಫ್ಯಾಟಿ ಆಸಿಡ್ ಜೊತೆ ಅದು ಬೆರೆಯುವುದಿಲ್ಲ, ಹೋಗಿ ಮಣಿಗಳ ಮೈಗೆ ಮೆತ್ತಿಕೊಂಡು ಫ್ಯಾಟಿ ಆಸಿಡ್‌ಗೆ ದಾರಿ ಬಿಡುವುದಿಲ್ಲ. ಸಿಲಿಕಾ ಜೆಲ್‌ಗೆ ಗ್ಲಿಸರಾಲ್ ಹೀರಿಸಿ ಹಾಕುವುದು ಒಂದು ಉಪಾಯ. ಒಮ್ಮೆ ಸ್ವಲ್ಪ ಮೊನೋಗ್ಲಿಸರೈಡ್ (ಗ್ಲಿಸರಾಲ್‌ಗೆ ಒಂದೇ ಫ್ಯಾಟಿ ಆಸಿಡ್ ಅಂಟಿದ ಎಸ್ಟರ್, ಅಂದರೆ ನಮ್ಮ ಎಮಲ್ಸಿಫೈಯರ್) ಹುಟ್ಟಿದ ಮೇಲೆ ಅದೇ ಎರಡನ್ನೂ ಬೆರೆಸೋಕೆ ನೆರವಾಗುತ್ತದೆ, ಅಂದರೆ ಮಾಲು ತಯಾರಾಗುತ್ತಲೇ ತನ್ನ ಕೆಲಸ ಶುರು ಮಾಡಿರುತ್ತದೆ.

ಇಷ್ಟು ಕೇಳಿದ ಮೇಲೆ ಬರೋ ಮುಂದಿನ ಪ್ರಶ್ನೆ: ಹಾಗಾದ್ರೆ ಎಲ್ಲ ಫ್ಯಾಕ್ಟರಿಗಳೂ ಯಾಕೆ ಹೀಗೆ ಮಾಡಲ್ಲ? ದುಡ್ಡು. ಕೊಬ್ಬು ಮತ್ತು ಗ್ಲಿಸರಾಲ್‌ಗೆ ಕ್ಷಾರ ಹಾಕಿ 220-250 ಡಿಗ್ರಿಗೆ ಕಾಯಿಸಿದರೆ ಶೇ. 40-60ರಷ್ಟು ಮೊನೋಗ್ಲಿಸರೈಡ್ ಸಿಗುತ್ತದೆ, ಮಾಲಿಕ್ಯುಲರ್ ಡಿಸ್ಟಿಲೇಶನ್ (ಜೋರು ವ್ಯಾಕ್ಯೂಮ್‌ನಲ್ಲಿ ಬಟ್ಟಿ ಇಳಿಸೋದು) ಮಾಡಿದರೆ ಶೇ. 90 ದಾಟುತ್ತದೆ. ತಿಂಡಿ ಪ್ಯಾಕೆಟ್‌ನ ಲೇಬಲ್ ಮೇಲೆ ಇ471 ಅಂತ ಕಾಣೋದು ಈ ಜಾತಿಯೇ. ಕ್ಷಾರ ಅಗ್ಗ, ಎಂಜೈಮ್ ದುಬಾರಿ. ಒಂದೇ ಎಂಜೈಮನ್ನು ತುಂಬ ಸಲ ಬಳಸದೆ ಲೆಕ್ಕ ಕೂಡೋದಿಲ್ಲ. ಸಾಮಾನ್ಯ ಮೊನೋಗ್ಲಿಸರೈಡ್‌ಗೆ ಎಂಜೈಮ್ ಬೇಕೇ ಬೇಕು ಅಂತ ನಾನು ವಾದ ಮಾಡಲ್ಲ.

ಬಿಸಿ ತಡೆಯದ ವಸ್ತು ಬಂದಾಗ ಮಾತು ಬೇರೆ. ಮೀನೆಣ್ಣೆಯ ಒಮೆಗಾ-3 ಫ್ಯಾಟಿ ಆಸಿಡ್ ಅಷ್ಟು ಬಿಸಿಗೆ ಹಾಳಾಗುತ್ತದೆ. ಸುಕ್ರೋಸ್, ಅಂದರೆ ನಾವು ತಿನ್ನುವ ಸಕ್ಕರೆ, 186 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತಲೇ ಕಂದು ಬಣ್ಣಕ್ಕೆ ತಿರುಗುತ್ತದೆ. ಮುಖಕ್ಕೆ ಹಚ್ಚುವ ಕ್ರೀಮಿಗೆ ಹಾಕುವ ಎಸ್ಟರ್‌ನಲ್ಲಿ ಸುಟ್ಟ ವಾಸನೆ, ಕಂದು ಬಣ್ಣ ಯಾರಿಗೂ ಬೇಡ. ಇಂಥ ಕಡೆ ಎಂಜೈಮ್ ಗೆಲ್ಲುತ್ತದೆ. ಆದರೆ ಸಾರ್ಬಿಟಾನ್ ಎಸ್ಟರ್ ಅನ್ನೋ ಇನ್ನೊಂದು ಬಗೆಯ ಎಮಲ್ಸಿಫೈಯರ್ ಬೇಕಿದ್ದರೆ ಎಂಜೈಮ್ ಒಂದನ್ನೇ ನಂಬಬೇಡಿ. ಸಕ್ಕರೆಯಂಥ ಸಾರ್ಬಿಟಾಲ್ ತನ್ನೊಳಗಿನ ನೀರು ಕಳೆದುಕೊಂಡು ಉಂಗುರವಾಗಿ ಸಾರ್ಬಿಟಾನ್ ಆಗೋದು ಜಾಸ್ತಿ ಬಿಸಿಯಿಂದ. ಆ ಕೆಲಸ ಲೈಪೇಸ್‌ಗೆ ಬರೋದಿಲ್ಲ.