‘ಇದರ ಕಥೆ ಎಲ್ಲಿಂದ ಕದ್ದದ್ದು?’ ಎಂದು ಕೇಳುವವರಿಗೆ

ಪತ್ತೇದಾರಿ ಧಾರಾವಾಹಿಗಳನ್ನು ಬಿಡದೆ ನೋಡುತ್ತೇನೆ, ನೋಡಿದ್ದನ್ನು ಸಿಕ್ಕವರ ಬಳಿ ಹೇಳಿಕೊಳ್ಳುತ್ತೇನೆ ಎಂಬ ಅಪರಾಧಕ್ಕಾಗಿ ಬಂಧುಗಳೂ ಸಹೋದ್ಯೋಗಿಗಳೂ ನನ್ನನ್ನು ವರ್ಷಗಳಿಂದ ಒಂದೇ ಪ್ರಶ್ನೆ ಕೇಳುತ್ತ ಬಂದಿದ್ದಾರೆ: ‘ಇದರ ಕಥೆ ಎಲ್ಲಿಂದ ಕದ್ದದ್ದು?’ ಮೊದಮೊದಲು ವಿನಯದಿಂದಲೇ ಉತ್ತರಿಸುತ್ತಿದ್ದೆ. ಈಗ ಬಾಯಿ ಸೋತಿರುವುದರಿಂದ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ. ಬೇಸರ ಮಾಡಿಕೊಳ್ಳುವವರು ಧಾರಾಳವಾಗಿ ಮಾಡಿಕೊಳ್ಳಲಿ.

ಹೌದು, ಎಲ್ಲಿಂದಲೋ ಬಂದದ್ದೇ. ಒಳಗಿನಿಂದ ಭದ್ರವಾಗಿ ಮುಚ್ಚಿದ ಕೋಣೆಯಲ್ಲಿ ಹೆಣ ಸಿಗುವ ಕಥೆಯನ್ನು ಎಡ್ಗರ್ ಅಲನ್ ಪೋ 1841ರಲ್ಲೇ ಬರೆದು ಮುಗಿಸಿದ್ದರು. ಆ ಕಥೆಯ ಪತ್ತೇದಾರನಿಂದ ಸಾಕಷ್ಟು ಪಡೆದು ಕಾನನ್ ಡಾಯ್ಲ್ ತಮ್ಮ ಷರ್ಲಾಕ್ ಹೋಮ್ಸ್‌ನನ್ನು ಕಟ್ಟಿದರು. ಕಟ್ಟಿದ್ದು ಸಾಲದೆಂಬಂತೆ 1887ರ ಮೊದಲ ಕಾದಂಬರಿಯಲ್ಲಿ ಹೋಮ್ಸ್‌ನ ಬಾಯಿಂದಲೇ ಆ ಹಿರಿಯನನ್ನು ಹೀಗಳೆಯುವ ಮಾತನ್ನೂ ಆಡಿಸಿದರು. ಸಾಲ ಕೊಟ್ಟವನನ್ನೇ ಗದರುವ ಈ ಧೈರ್ಯ ನನಗೆ ಬಹಳ ಇಷ್ಟ. ಅದೇ ಹೋಮ್ಸ್‌ಗೆ ವೈದ್ಯಕೀಯ ಪದವಿ ಕೊಟ್ಟು ಅಮೆರಿಕದವರು 2004ರಲ್ಲಿ ‘ಹೌಸ್’ ಧಾರಾವಾಹಿ ಆರಂಭಿಸಿದಾಗ, ಆ ವೈದ್ಯನ ಮನೆಗೆ ಹೋಮ್ಸ್‌ನ ಮನೆಯ 221ಬಿ ಸಂಖ್ಯೆಯನ್ನೇ ಕೊಟ್ಟರು. ಕಳ್ಳರು ಮಾಲಿನ ಒಡೆಯನ ವಿಳಾಸವನ್ನು ಬಾಗಿಲಿಗೆ ಅಂಟಿಸಿಕೊಳ್ಳುವುದನ್ನು ನಾನಂತೂ ಕಂಡಿಲ್ಲ.

ನನ್ನನ್ನು ಕೆರಳಿಸುವುದು ಕೇಳುವವರ ಧಾಟಿ. ಅವರಿಗೆ ಉತ್ತರ ಬೇಕಾಗಿರುವುದಿಲ್ಲ. ಮೂಲ ತಮಗೆ ಗೊತ್ತು ಎಂಬುದಕ್ಕೆ ಒಬ್ಬ ಸಾಕ್ಷಿ ಬೇಕಾಗಿರುತ್ತದೆ. ಬಂಧುಗಳೊಬ್ಬರ ಮಗಳ ಮದುವೆಯ ಎರಡನೆಯ ಪಂಕ್ತಿಯಲ್ಲಿ, ಎಲೆಗೆ ಹೋಳಿಗೆ ಬಿದ್ದು ತುಪ್ಪ ಬಡಿಸುವವನು ಇನ್ನೂ ನಾಲ್ಕು ಎಲೆ ಆಚೆಗಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ನನ್ನ ಷಡ್ಡಕರು ಎದುರು ಸಾಲಿಗೂ ಕೇಳಿಸುವಂತೆ ಹೇಳಿದರು: ‘ಅಲ್ರೀ, ನೀವು ಅಷ್ಟು ಹೊಗಳ್ತಿದ್ರಲ್ಲ ಕೊಲಂಬೊ, ಅದರ ಮೊದಲನೇ ಕಂತು ನೋಡಿದೆ. ಆ ಫೋನಿನ ಉಪಾಯ ಎಷ್ಟು ಹಳೇದು! ಎಲ್ಲಿಂದ ಎತ್ತಿದ್ದಾರೆ ಹೇಳಿ? ಕೊಲೆ ಮಾಡಿದವನು ಯಾರು ಅಂತ ನನಗೆ ಹತ್ತೇ ನಿಮಿಷಕ್ಕೆ ಗೊತ್ತಾಗಿಹೋಯ್ತು ಕಣ್ರೀ.’ ಗೊತ್ತಾಗದೆ ಇನ್ನೇನು? ಕೊಲೆಗಾರ ಯಾರೆಂಬುದನ್ನು ಕಂತಿನ ಆರಂಭದಲ್ಲಿ ಅವರೇ ತೋರಿಸುತ್ತಾರೆ. ಎದುರು ಸಾಲಿನವರು ಷಡ್ಡಕರನ್ನು ಮೆಚ್ಚುಗೆಯಿಂದ ನೋಡಿದರು. ಹೋಳಿಗೆ ಆರಿಹೋಗುವ ಮೊದಲು ನಾನು ಹೇಳಲಾಗದೆ ಉಳಿದದ್ದು ಇಷ್ಟು.

‘ಕೊಲಂಬೊ’ ಧಾರಾವಾಹಿಯಾಗಿ 1971ರಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾಯಿತು. ರಿಚರ್ಡ್ ಲೆವಿನ್‌ಸನ್ ಮತ್ತು ವಿಲಿಯಂ ಲಿಂಕ್ ಸೃಷ್ಟಿಸಿದ, ಮುದುರಿದ ರೈನ್‌ಕೋಟು ತೊಟ್ಟ ಆ ಪೊಲೀಸನ ಪಾತ್ರವನ್ನು ಪೀಟರ್ ಫಾಕ್ ಮಾಡುತ್ತಿದ್ದರು. ಕೊಲೆಯನ್ನು ಮೊದಲು ತೋರಿಸಿ, ಸಿಕ್ಕಿಬೀಳುವುದನ್ನು ಆಮೇಲೆ ಹೇಳುವ ಈ ಕ್ರಮವೂ ಅವರಿಬ್ಬರದಲ್ಲ. ಇಂಗ್ಲೆಂಡಿನ ಆಸ್ಟಿನ್ ಫ್ರೀಮನ್ 1912ರ ಕಥಾಸಂಗ್ರಹದಲ್ಲಿ ಅದನ್ನು ಮಾಡಿದ್ದರು. ದಡ್ಡನಂತೆ ಮಾತನಾಡುತ್ತ ಅಪರಾಧಿಯ ಸುತ್ತ ಸುತ್ತುವ ಅಧಿಕಾರಿಯನ್ನು ದಾಸ್ತೋವ್ಸ್ಕಿಯ 1866ರ ಕಾದಂಬರಿಯಿಂದ ಪಡೆದದ್ದಾಗಿ ಸೃಷ್ಟಿಕರ್ತರೇ ಒಪ್ಪಿಕೊಂಡಿದ್ದರು. ಹಾಗಿದ್ದರೆ ಉಳಿದದ್ದೇನು? ತಾಳಮದ್ದಳೆಗೆ ಹೋಗುವವರನ್ನು ಕೇಳಿ. ಕೃಷ್ಣನ ಸಂಧಾನ ಮುರಿದುಬೀಳುತ್ತದೆ ಎಂಬುದು ಗೊತ್ತಿಲ್ಲದವರು ಅಲ್ಲಿ ಯಾರೂ ಇರುವುದಿಲ್ಲ. ಆದರೂ ಈ ರಾತ್ರಿ ಈ ಅರ್ಥಧಾರಿ ಕೌರವನ ಯಾವ ಮಾತನ್ನು ಹಿಡಿದು ಅವನನ್ನೇ ಕಟ್ಟಿಹಾಕುತ್ತಾನೆ ಎಂಬುದಕ್ಕಾಗಿ ನಿದ್ದೆಗೆಟ್ಟು ಕೂರುತ್ತಾರೆ.

ಷಡ್ಡಕರು ನೋಡಿದ ಕಂತನ್ನೇ ತೆಗೆದುಕೊಳ್ಳಿ. ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ ಸ್ಟೀವನ್ ಸ್ಪೀಲ್‌ಬರ್ಗ್ ಅದನ್ನು ನಿರ್ದೇಶಿಸಿದರು, ಸ್ಟೀವನ್ ಬಾಚ್ಕೊ ಬರೆದರು. ಇಬ್ಬರು ಜಂಟಿಯಾಗಿ ಪತ್ತೇದಾರಿ ಕಾದಂಬರಿಗಳನ್ನು ಪ್ರಕಟಿಸುತ್ತಿರುತ್ತಾರೆ. ಬರೆಯುವವನು ಒಬ್ಬ, ಹೆಸರು ಮೆರೆಸುವವನು ಇನ್ನೊಬ್ಬ. ಬರೆಯುವವನು ಬೇರೆಯಾಗಲು ಹೊರಟಾಗ ಮೆರೆಯುವವನು ಅವನನ್ನು ದೂರದ ತನ್ನ ಮನೆಗೆ ಕರೆದೊಯ್ದು, ಕಚೇರಿಯಲ್ಲೇ ಕೆಲಸ ಮಾಡುತ್ತಿದ್ದೇನೆಂದು ಹೆಂಡತಿಗೆ ಫೋನು ಮಾಡಿಸಿ, ಮಾತಿನ ನಡುವೆ ಗುಂಡು ಹಾರಿಸುತ್ತಾನೆ. ಫೋನಿನ ಉಪಾಯ ಹಳೆಯದೇ ಇರಲಿ. ಮುಂದಿನದನ್ನು ಗಮನಿಸಿ: ಆತ ಹೆಣವನ್ನು ತನ್ನ ಮನೆಯ ಹುಲ್ಲುಹಾಸಿನ ಮೇಲೆ ತಾನೇ ಹಾಕಿ ಪೊಲೀಸರನ್ನು ಕರೆಯುತ್ತಾನೆ, ಅವರು ಬರುವಷ್ಟರಲ್ಲಿ ಬಂದಿದ್ದ ಟಪಾಲನ್ನು ಒಡೆದು ನೋಡುತ್ತಾನೆ. ಗೆಳೆಯನ ಹೆಣ ಅಂಗಳದಲ್ಲಿ ಬಿದ್ದಿರುವಾಗ ಬಿಲ್ಲುಗಳನ್ನು ಬಿಡಿಸಿ ನೋಡುವ ಮನುಷ್ಯನೆಂಥವನು ಎಂಬ ಕೊಲಂಬೊನ ಅನುಮಾನ ಅಲ್ಲಿ ಬೇರು ಬಿಡುತ್ತದೆ. ಫೋನು ಹಳೆಯದು, ಆ ಲಕೋಟೆಗಳು ಹೊಸವು. ಅವು ಆ ಮನುಷ್ಯನಿಗೆ ಮಾತ್ರ ಹೊಂದುವ ಸುಳಿವು. ಬೇರೆ ಕೊಲೆಗಾರನ ಮನೆಗೆ ತಲುಪಿಸಿದರೆ ಕೆಲಸಕ್ಕೆ ಬರುವುದಿಲ್ಲ.

ಇಷ್ಟು ಸಾಲದೆಂದು ಕೊನೆಯಲ್ಲಿ ಇನ್ನೊಂದಿದೆ. ಸತ್ತವನ ಟಿಪ್ಪಣಿಗಳ ನಡುವೆ ಕೊಲೆಯ ಈ ಉಪಾಯವನ್ನೇ ಗೀಚಿಟ್ಟ ಚೀಟಿಯೊಂದು ಕೊಲಂಬೊಗೆ ಸಿಗುತ್ತದೆ. ಆಗ ಕೊಲೆಗಾರ, ಇದು ನನ್ನದೇ ಕಲ್ಪನೆ, ನನಗೆ ಹೊಳೆದ ಒಂದೇ ಒಂದು ಒಳ್ಳೆಯ ಕಲ್ಪನೆ, ಆ ಪುಣ್ಯಾತ್ಮ ಬರೆದಿಟ್ಟಾನೆಂದು ಯಾರಿಗೆ ಗೊತ್ತಿತ್ತು ಎಂದು ಹಲುಬುತ್ತಾನೆ. ಸ್ವಂತ ಕಲ್ಪನೆಯ ಬಗ್ಗೆ ಇಷ್ಟು ಕ್ರೂರವಾಗಿ ನಕ್ಕ ಕಂತನ್ನು ನೋಡಿ ಎದ್ದು ಬಂದು, ಇದು ಸ್ವಂತದ್ದೇ ಎಂದು ಕೇಳುವವರಿಗೆ ನಾನು ಏನು ಹೇಳಲಿ?

ಕಾನೂನಿನ ಮಾತೆತ್ತುವವರಿಗೂ ಒಂದು ಮಾತು. ಆರ್.ಜಿ. ಆನಂದ್ ಎಂಬ ನಾಟಕಕಾರರು ತಮ್ಮ ನಾಟಕವನ್ನು ನಕಲು ಮಾಡಿ ಸಿನಿಮಾ ತೆಗೆದಿದ್ದಾರೆಂದು ಹೂಡಿದ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು 1978ರಲ್ಲೇ ಹೇಳಿದೆ: ವಿಚಾರಕ್ಕೆ, ವಸ್ತುವಿಗೆ, ಕಥಾಹಂದರಕ್ಕೆ ಕೃತಿಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗೆ ಇದೆ. ದೃಶ್ಯ ದೃಶ್ಯವನ್ನೇ ಎತ್ತಿ, ಮೂಲದವರ ಹೆಸರನ್ನು ನುಂಗಿದವರನ್ನು ನಾನು ಸಮರ್ಥಿಸುತ್ತಿಲ್ಲ. ಅಂಥವರ ಬಗ್ಗೆ ಕೇಳುವುದಾದರೆ ಊಟ ಬಿಟ್ಟು ನಾನೂ ನಿಮ್ಮ ಜೊತೆ ಬೈಯುತ್ತೇನೆ.

ಆದರೆ ತಂದದ್ದರಲ್ಲಿ ಏನನ್ನು ಬದಲಿಸಿದರು, ಬದಲಿಸಿದ್ದಕ್ಕೆ ತಕ್ಕ ಬೆಲೆ ತೆತ್ತರೇ ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ಅದನ್ನು ಕೇಳಿದರೆ ಮದುವೆ ಮನೆಯಲ್ಲಿ ಮೂರನೆಯ ಪಂಕ್ತಿ ಏಳುವವರೆಗೂ ಮಾತನಾಡಬಲ್ಲೆ. ಕೊಲಂಬೊದವರೇ 1992ರಲ್ಲೊಮ್ಮೆ, 1994ರಲ್ಲೊಮ್ಮೆ ಎಡ್ ಮೆಕ್‌ಬೇನ್ ಅವರ ಪೊಲೀಸ್ ಕಾದಂಬರಿಗಳನ್ನು ಹೆಸರು ಹಾಕಿಯೇ ಬಳಸಿಕೊಂಡರು. ಕಳ್ಳತನದ ಸೋಂಕೇ ಇಲ್ಲ. ಆದರೆ ಒಂದರಲ್ಲಿ ಕೊಲೆಯೇ ಇಲ್ಲದೆ ಅಪಹೃತಳಾದ ವಧುವಿನ ಹುಡುಕಾಟ, ಇನ್ನೊಂದರಲ್ಲಿ ಕೊಲಂಬೊ ವೇಷ ಮರೆಸಿಕೊಂಡು ತಿರುಗುವುದು. ಅಪರಾಧಿಯ ಎದುರು ಕುಳಿತು ಮಾತಿನಲ್ಲೇ ಅವನನ್ನು ಸವೆಸುವ ಆಟ ಎರಡರಲ್ಲೂ ಮಾಯ. ನನ್ನ ಮಟ್ಟಿಗೆ ಆ ಧಾರಾವಾಹಿಯಲ್ಲಿ ಪರಕೀಯವೆನಿಸುವುದು ಲೆಕ್ಕ ಚುಕ್ತಾ ಮಾಡಿ ತಂದ ಆ ಎರಡು ಕಂತುಗಳೇ.

ಇನ್ನೊಂದು ತುದಿಯಲ್ಲಿ ಜಪಾನಿನ ಕೋಕಿ ಮಿತಾನಿ ಇದ್ದಾರೆ. 1994ರಲ್ಲಿ ಆರಂಭವಾದ ಅವರ ‘ಫುರುಹಾತಾ ನಿಂಝಾಬುರೊ’ ಕೊಲಂಬೊ ಹಾಕಿದ ದಾರಿಯಲ್ಲೇ ನಡೆಯುತ್ತದೆ. ಆದರೆ ಇಲ್ಲಿನ ಪತ್ತೇದಾರ ಅಚ್ಚುಕಟ್ಟಾದ ಕಪ್ಪು ಉಡುಪಿನ ಸಭ್ಯಸ್ಥ. ರಹಸ್ಯ ಬಿಡಿಸುವ ಮೊದಲು ಸುತ್ತ ಕತ್ತಲಾಗಿ, ಅವನು ನೋಡುಗರತ್ತ ತಿರುಗಿ ನಿಮಗೆ ತಿಳಿಯಿತೇ ಎಂಬಂತೆ ಮಾತನಾಡುತ್ತಾನೆ. ಸುಳಿವುಗಳನ್ನು ಮುಚ್ಚಿಟ್ಟಿಲ್ಲವೆಂದು ಪ್ರತಿ ವಾರವೂ ಮಾತು ಕೊಟ್ಟಂತಾಯಿತು. ಬೇಸ್‌ಬಾಲ್ ಆಟಗಾರ ಇಚಿರೊ 2006ರ ಕಂತೊಂದರಲ್ಲಿ ತನ್ನದೇ ಹೆಸರಿನ ಕೊಲೆಗಾರನಾಗಿ ನಟಿಸಿದ್ದನ್ನಂತೂ ಯಾವ ಮೂಲಕ್ಕೆ ತಗಲಿಸುತ್ತೀರೋ ನಾನು ಕಾಣೆ.

2023ರ ‘ಪೋಕರ್ ಫೇಸ್’ ಧಾರಾವಾಹಿ ಕೊಲಂಬೊದ ಶೀರ್ಷಿಕೆಯ ಹಳದಿ ಅಕ್ಷರಗಳನ್ನೂ ಬಿಡಲಿಲ್ಲ. ಆದರೆ ಅದರ ನಾಯಕಿ ಪೊಲೀಸಳಲ್ಲ, ಬೆನ್ನಟ್ಟಿ ಬಂದವರಿಂದ ತಪ್ಪಿಸಿಕೊಂಡು ಊರೂರು ಅಲೆಯುವವಳು. ಎದುರಿಗಿರುವವನು ಸುಳ್ಳು ಹೇಳುತ್ತಿದ್ದಾನೆಂಬುದು ಅವಳಿಗೆ ಥಟ್ಟನೆ ತಿಳಿಯುತ್ತದೆ, ತಿಳಿದರೂ ಅವನ ಕೈಗೆ ಕೋಳ ಹಾಕುವ ಅಧಿಕಾರವಿಲ್ಲ. ಹಾಗಾಗಿ ಕೊಲಂಬೊ ಕೊನೆಯ ಸುಳಿವನ್ನು ಮುಂದಿಟ್ಟು ಕೆಲಸ ಮುಗಿಸುತ್ತಿದ್ದ ಜಾಗದಲ್ಲಿ ಇವಳ ಕೆಲಸ ಆರಂಭವಾಗುತ್ತದೆ, ಅಪರಾಧಿಗೆ ಶಿಕ್ಷೆ ತಲುಪುವ ದಾರಿಯನ್ನು ಬರಹಗಾರರು ಕಂತಿಗೊಂದರಂತೆ ತಾವೇ ಹುಡುಕಬೇಕಾಗುತ್ತದೆ.